ಪೌದನಪುರಕ್ಕೆ ಹೊರಟ ಚಾವುಂಡರಾಯ

ಮಗನ ಮನೆಗೆಂದೋ ಮಗಳ ಬಾಣಂತನಕ್ಕೆಂದೋ ಊರಿನಿಂದ ನಮ್ಮ ಫ್ಲ್ಯಾಟ್ ಬುಷ್‌ಗೆ ಬಂದಿಳಿಯುವ ತಾಯಂದಿರು ಮೊದಲ ಕೆಲವು ದಿನ ಇಲ್ಲಿನ ಹಸಿರು, ಗಾಳಿ, ಅಚ್ಚುಕಟ್ಟು ಎಲ್ಲವನ್ನೂ ಬಾಯ್ತುಂಬ ಹೊಗಳುತ್ತಾರೆ. ತಿಂಗಳು ಕಳೆಯುವುದರೊಳಗೆ ಅವರ ಬಾಯಲ್ಲಿ ಇನ್ನೊಂದು ಮಾತು ಬಂದೇ ಬರುತ್ತದೆ. ಮುಂದಿನ ಸಲ ನೀವೆಲ್ಲ ಊರಿಗೆ ಬಂದಾಗ ಒಂದು ಸಲ ಧರ್ಮಸ್ಥಳಕ್ಕೆ ಹೋಗಿಬರೋಣ, ಹಳೆಯ ಹರಕೆಯೊಂದು ಹಾಗೆಯೇ ಉಳಿದಿದೆ ಎನ್ನುತ್ತಾರೆ. ಆಗಲಮ್ಮ ಎನ್ನುತ್ತೇವೆ. ಆಮೇಲೆ ಮಕ್ಕಳ ಶಾಲೆ, ಆಫೀಸಿನ ರಜೆ, ವಿಮಾನದ ಟಿಕೆಟ್ಟು, 11,000 ಕಿಲೋಮೀಟರಿಗೂ ಮಿಕ್ಕಿದ ದೂರ ಎಲ್ಲವೂ ಅಡ್ಡ ಬರುತ್ತವೆ. ಮಾತು ಅಲ್ಲಿಗೇ ನಿಲ್ಲುತ್ತದೆ.

ಕೂಟದ ವಾರ್ಷಿಕೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ನೆನಪಾದದ್ದು, ತಾಯಿಯ ಇಂಥದೇ ಒಂದು ಮಾತನ್ನು ಕೇಳಿ ಯಾತ್ರೆ ಹೊರಟ ಒಬ್ಬ ಮಗ. ಸಾವಿರ ವರ್ಷಕ್ಕೂ ಹಿಂದಿನವನು, ಹೆಸರು ಚಾವುಂಡರಾಯ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದವನೆಂದು ನಾವೆಲ್ಲ ಶಾಲೆಯ ಪಾಠದಲ್ಲಿ ಓದಿದ್ದೇವೆ. ಆದರೆ ಅವನು ಗೊಮ್ಮಟನನ್ನು ಮಾಡಿಸಬೇಕೆಂದು ಮನೆ ಬಿಟ್ಟವನಲ್ಲ. ಬೇರೊಂದು ದೂರದ ಊರಿನಲ್ಲಿದ್ದ ಬೇರೊಂದು ಮೂರ್ತಿಯನ್ನು ತಾಯಿಗೆ ತೋರಿಸಲು ಹೊರಟವನು. ಆ ಊರನ್ನು ಅವನು ಮುಟ್ಟಲೇ ಇಲ್ಲ.

ಹತ್ತನೆಯ ಶತಮಾನದ ಕನ್ನಡ ನಾಡನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಾವೇರಿಯ ದಡದ ತಲಕಾಡಿನಿಂದ ಆಳುತ್ತಿದ್ದ ಗಂಗರು ಅಂದು ರಾಷ್ಟ್ರಕೂಟ ಚಕ್ರವರ್ತಿಗಳ ಸಾಮಂತರೂ ಹೌದು, ನಂಟರೂ ಹೌದು. ಗಂಗ ದೊರೆ ಮಾರಸಿಂಹನ ಮಂತ್ರಿಯೂ ಸೇನಾಪತಿಯೂ ಆಗಿದ್ದವನು ಬ್ರಹ್ಮಕ್ಷತ್ರ ಕುಲದ ಚಾವುಂಡರಾಯ. ಕಾಲ ಒಳ್ಳೆಯದಿರಲಿಲ್ಲ. 973ರಲ್ಲಿ ಚಾಲುಕ್ಯ ತೈಲಪನ ಏಟಿಗೆ ರಾಷ್ಟ್ರಕೂಟ ಸಾಮ್ರಾಜ್ಯ ಉರುಳಿಬಿತ್ತು. ನಂಟಸ್ತಿಕೆಯ ಅಭಿಮಾನದಿಂದ ಮಾರಸಿಂಹನು ನಾಲ್ಕನೆಯ ಇಂದ್ರನನ್ನು ಆ ಸಿಂಹಾಸನದ ಮೇಲೆ ಕೂರಿಸಲು ಹೆಣಗಿದ, ಆಗಲಿಲ್ಲ. ಕೊನೆಗೆ ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹ ಬಿಟ್ಟ. ಆ ಇಂದ್ರನೂ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ತೀರಿಕೊಂಡ. ಒಬ್ಬ ಚಕ್ರವರ್ತಿಯ ಕುಲ ಹೀಗೆ ಕಣ್ಣೆದುರಿಗೇ ಮುಗಿದುಹೋದ ಕಾಲದಲ್ಲಿ ಬಾಳಿದವನು ನಮ್ಮ ಚಾವುಂಡರಾಯ.

ಮಾರಸಿಂಹನ ನಂತರ ಗಂಗರ ಸಿಂಹಾಸನಕ್ಕೂ ಕಿತ್ತಾಟ ನಡೆಯಿತು. ರಾಚಮಲ್ಲನನ್ನು ಪಟ್ಟದಲ್ಲಿ ಉಳಿಸಿದ್ದು ಚಾವುಂಡರಾಯನ ಕತ್ತಿ. ಅವನ ಬಿರುದುಗಳನ್ನು ಓದಿದರೆ ಅವನು ಮಾಡಿದ ಯುದ್ಧಗಳ ಪಟ್ಟಿಯನ್ನೇ ಓದಿದಂತೆ. ಖೇಡಗದ ಕಾಳಗಕ್ಕೆ ಸಮರಧುರಂಧರ, ಗೋನೂರಿನಲ್ಲಿ ನೊಳಂಬರನ್ನು ಸೋಲಿಸಿದ್ದಕ್ಕೆ ವೀರಮಾರ್ತಂಡ, ಉಚ್ಚಂಗಿ ಕೋಟೆಯ ಗೆಲುವಿಗೆ ರಣರಂಗಸಿಂಗ. ಇವುಗಳ ಜೊತೆಗೆ ಸಮರಪರಶುರಾಮ ಎಂಬ ಇನ್ನೊಂದು ಬಿರುದು ಇದೆ. ಅದರ ಹಿಂದೆ ಒಂದು ಮನೆಯ ದುಃಖವಿದೆ. ಅವನ ತಮ್ಮ ನಾಗವರ್ಮನನ್ನು ಮುದುರಾಚಯ್ಯನೆಂಬ ಗಂಗ ವೀರ ಕೊಂದಿದ್ದ. ಚಾವುಂಡರಾಯ ಆ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡ. ತಂದೆಯ ಸಾವಿಗೆ ಸೇಡು ತೀರಿಸಿದ ಪರಶುರಾಮನ ಹೆಸರು ಅವನಿಗೆ ಹೀಗೆ ಬಂತು. ಸತ್ಯಯುಧಿಷ್ಠಿರ, ಶೌಚಾಭರಣ ಎಂಬ ಬಿರುದುಗಳೂ ಅವನಿಗಿದ್ದವು. ಅಂದರೆ ನಾಡು ಅವನನ್ನು ಕೇವಲ ಕೊಲ್ಲುವವನೆಂದು ಕಂಡಿರಲಿಲ್ಲ. ಆದರೂ ತಮ್ಮನ ಹೆಸರು ಬಂದಾಗಲೆಲ್ಲ ಕೊಂದ ಕೈ ನೆನಪಾಗದೆ ಇದ್ದೀತೆ?

ಇಂಥ ಮಗನ ತಾಯಿ ಕಾಳಲಾದೇವಿ. ಬಸದಿಯಲ್ಲಿ ಆದಿಪುರಾಣದ ವಾಚನ ನಡೆಯುತ್ತಿದ್ದಾಗ ಆಕೆ ಭರತ ಬಾಹುಬಲಿಯರ ಕಥೆ ಕೇಳಿದಳು ಎನ್ನುತ್ತದೆ ಐತಿಹ್ಯ. ನಮ್ಮ ಮಕ್ಕಳಿಗಾಗಿ ಆ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಆದಿನಾಥನ ಹಿರಿಯ ಮಗ ಭರತ ಜಗತ್ತನ್ನೆಲ್ಲ ಗೆದ್ದು ಬಂದ. ಪೌದನಪುರದಲ್ಲಿದ್ದ ತಮ್ಮ ಬಾಹುಬಲಿ ಮಾತ್ರ ತಲೆಬಾಗಲಿಲ್ಲ. ಸೈನ್ಯಗಳೇಕೆ ಸಾಯಬೇಕೆಂದು ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ಮೂರು ಬಗೆಯಲ್ಲಿ ಸೆಣಸಿದರು. ಮೂರರಲ್ಲೂ ತಮ್ಮನೇ ಗೆದ್ದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲಕ್ಕೆತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ, ಮೆಲ್ಲನೆ ಇಳಿಸಿದ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ಕಾಡಿಗೆ ಹೋಗಿ ಒಂದು ವರ್ಷ ನಿಂತ ನಿಲುವಿನಲ್ಲೇ ತಪಸ್ಸು ಮಾಡಿದ. ಕಾಲಿನ ಬಳಿ ಹುತ್ತ ಬೆಳೆಯಿತು, ಮೈಗೆ ಬಳ್ಳಿ ಹಬ್ಬಿತು. ಆದರೂ ಜ್ಞಾನ ಒಲಿಯಲಿಲ್ಲ, ಏಕೆಂದರೆ ತಾನು ನಿಂತ ನೆಲ ಅಣ್ಣನದು ಎಂಬ ಒಂದು ಅಳುಕು ಉಳಿದಿತ್ತು. ಭರತನೇ ಬಂದು ನಮಿಸಿ, ಈ ನೆಲ ಯಾರದೂ ಅಲ್ಲವೆಂದು ಹೇಳಿದ ಮೇಲೆ ಆ ಅಳುಕು ಕರಗಿ ಕೇವಲಜ್ಞಾನವಾಯಿತು.

ಭರತನು ತಮ್ಮನ ನೆನಪಿಗೆ ಪೌದನಪುರದಲ್ಲಿ 525 ಬಿಲ್ಲು ಎತ್ತರದ ಮೂರ್ತಿಯನ್ನು ಮಾಡಿಸಿದ್ದನಂತೆ. ಅದನ್ನು ಕಣ್ಣಾರೆ ಕಾಣುವವರೆಗೆ ಹಾಲು ಮುಟ್ಟುವುದಿಲ್ಲವೆಂದು ಕಾಳಲಾದೇವಿ ವ್ರತ ಹಿಡಿದಳು. ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ಕಳೆದುಕೊಂಡು, ಇನ್ನೊಬ್ಬನನ್ನು ಯುದ್ಧದಿಂದ ಯುದ್ಧಕ್ಕೆ ಕಳುಹಿಸುತ್ತಿದ್ದ ತಾಯಿಗೆ ಆ ಕಥೆಯಲ್ಲಿ ಏನು ತಗುಲಿತು ಎಂದು ಪುರಾಣಗಳು ಹೇಳುವುದಿಲ್ಲ. ಹೆತ್ತವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಮಗ ತಡಮಾಡಲಿಲ್ಲ. ರಾಜಕಾರ್ಯವನ್ನು ಬದಿಗಿಟ್ಟು, ತಾಯಿಯನ್ನೂ ಗುರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳನ್ನೂ ಕರೆದುಕೊಂಡು ಪರಿವಾರದೊಡನೆ ಹೊರಟ. ಇಂದಿನ ತೆಲಂಗಾಣದ ಬೋಧನ್ ಪಟ್ಟಣವೇ ಪೌದನಪುರವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅದು ಉತ್ತರ ಭಾರತದಲ್ಲಿತ್ತೆಂದು ಹೇಳುವವರೂ ಇದ್ದಾರೆ. ಎಲ್ಲೇ ಇರಲಿ, ದಾರಿಯಲ್ಲಿ ಅವರು ಬೆಳ್ಗೊಳದ ಚಿಕ್ಕಬೆಟ್ಟದಲ್ಲಿ ತಂಗಿದರು. ಚಂದ್ರಗುಪ್ತ ಮೌರ್ಯನು ಗುರು ಭದ್ರಬಾಹುವಿನೊಡನೆ ಬಂದು ಕೊನೆಯ ದಿನಗಳನ್ನು ಕಳೆದನೆಂದು ಹೇಳುವ ಬೆಟ್ಟ ಅದು. ಆಗಲೇ ನೂರಾರು ವರ್ಷಗಳಿಂದ ಮುನಿಗಳು ದೇಹ ಬಿಡಲು ಅಲ್ಲಿಗೆ ಬರುತ್ತಿದ್ದರು. ಎದುರಿಗೆ ದೊಡ್ಡಬೆಟ್ಟ, ಬರೀ ಬೋಳು ಬಂಡೆ. ಎರಡರ ನಡುವೆ ಊರಿಗೆ ಹೆಸರು ಕೊಟ್ಟ ಬಿಳಿಯ ಕೊಳ.

ಆ ರಾತ್ರಿ ಕನಸು ಬಿತ್ತು. ತಾಯಿಗೂ ಮಗನಿಗೂ ಗುರುವಿಗೂ ಒಂದೇ ಕನಸು ಎನ್ನುತ್ತಾರೆ. ಕಾಣಿಸಿಕೊಂಡ ಯಕ್ಷಿ ಕೂಷ್ಮಾಂಡಿನಿ ಎನ್ನುವವರುಂಟು, ಪದ್ಮಾವತಿ ಎನ್ನುವವರುಂಟು. ಪೌದನಪುರದ ದಾರಿ ಮುಚ್ಚಿಹೋಗಿದೆ, ಆ ಮೂರ್ತಿಯ ಸುತ್ತ ಕುಕ್ಕುಟ ಸರ್ಪಗಳು ತುಂಬಿವೆ, ಮನುಷ್ಯರಿಗೆ ಅದು ಇನ್ನು ಕಾಣದು. ಬೆಳಗಾದ ಮೇಲೆ ಶುಚಿಯಾಗಿ ಇಲ್ಲಿಂದಲೇ ಎದುರಿನ ಬೆಟ್ಟಕ್ಕೆ ಹೊನ್ನಿನ ಬಾಣ ಬಿಡು, ಬಾಹುಬಲಿ ಅಲ್ಲೇ ದರ್ಶನ ಕೊಡುತ್ತಾನೆ ಎಂದು ಯಕ್ಷಿ ತಿಳಿಸಿದಳಂತೆ. ಚಾವುಂಡರಾಯ ಬಾಣ ಬಿಟ್ಟ. ಅದು ತಗುಲಿದ ಕಡೆ ಕಲ್ಲಿನ ಪದರ ಕಳಚಿ ಬಾಹುಬಲಿಯ ರೂಪ ಗೋಚರಿಸಿತು. ಅವನು ನಿಂತು ಬಾಣ ಬಿಟ್ಟನೆಂದು ಹೇಳುವ ಚಾವುಂಡರಾಯನ ಬಂಡೆಯನ್ನು ಚಿಕ್ಕಬೆಟ್ಟದ ಬುಡದಲ್ಲಿ ಇಂದಿಗೂ ತೋರಿಸುತ್ತಾರೆ.

ಇಲ್ಲಿ ಓದುಗರಿಗೆ ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಕನಸಿನ ಈ ಕಥೆ ನಮಗೆ ಸಿಗುವುದು ಹದಿನಾರನೆಯ ಶತಮಾನದಿಂದ ಈಚಿನ ಕೃತಿಗಳಲ್ಲಿ. ಅದಕ್ಕಿಂತ ಬಹಳ ಹಿಂದೆ, ಸುಮಾರು 1180ರಲ್ಲಿ, ಬೊಪ್ಪಣನೆಂಬ ಕವಿ ರಚಿಸಿದ ಶಾಸನವೊಂದು ಗೊಮ್ಮಟನ ಸುತ್ತಾಲಯದ ಬಾಗಿಲ ಬಳಿಯೇ ಇದೆ. ಅದರಲ್ಲಿ ಕನಸಿಲ್ಲ, ಬಾಣವೂ ಇಲ್ಲ. ಪೌದನಪುರದ ಮೂರ್ತಿಯ ಹಿರಿಮೆ ಕೇಳಿ ಚಾವುಂಡರಾಯನಿಗೆ ಹೋಗಬೇಕೆನಿಸಿತು, ಅದು ಬಹು ದೂರ, ಹೋಗಲಾಗದ ಜಾಗ ಎಂದು ಹಿರಿಯರು ತಿಳಿಸಿದರು, ಹಾಗಾದರೆ ಅಂಥದನ್ನು ಇಲ್ಲೇ ಮಾಡಿಸುತ್ತೇನೆಂದು ಅವನು ನಿಶ್ಚಯಿಸಿದ ಎಂದಷ್ಟೇ ಇದೆ.

ಇವೆರಡರಲ್ಲಿ ಯಾವುದು ನಿಜ ಎಂದು ಹಟ ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಕಥೆಯಲ್ಲಿ ಯಕ್ಷಿ ಹೇಳಿದ್ದನ್ನೇ ಇನ್ನೊಂದರಲ್ಲಿ ಹಿರಿಯರು ಹೇಳಿದ್ದಾರೆ. ಎರಡರಲ್ಲೂ ಯಾತ್ರೆ ಮುರಿದುಬಿದ್ದಿದೆ. ದೈವ ಪ್ರೇರಣೆ ಎಂದರೆ ಹೊರಟ ಜಾಗಕ್ಕೆ ನೇರ ದಾರಿ ತೆರೆದುಕೊಳ್ಳುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಚಾವುಂಡರಾಯನಿಗೆ ಬಂದ ಪ್ರೇರಣೆ ಅವನನ್ನು ಅರ್ಧ ದಾರಿಯಲ್ಲಿ ತಡೆದು ನಿಲ್ಲಿಸಿತು. ಅವನು ಮನೆಗೆ ಹಿಂದಿರುಗಬಹುದಾಗಿತ್ತು. ಕೈಲಾದಷ್ಟು ಮಾಡಿದೆ ಎಂದು ತಾಯಿಗೆ ಸಮಾಧಾನ ಹೇಳಬಹುದಾಗಿತ್ತು. ಅದನ್ನು ಅವನು ಮಾಡಲಿಲ್ಲ.

ಒಂದು ಬಾಣಕ್ಕೆ ಬೆಟ್ಟ ತೆರೆಯಿತು ಎಂದು ಕಥೆ ಹೇಳುತ್ತದೆ, ಆದರೆ ಕಲ್ಲು ಉಳಿಯ ಏಟಿಗೆ ಮಾತ್ರ ಬಗ್ಗುತ್ತದೆ. ಬೆಟ್ಟದ ನೆತ್ತಿಯ ಬಂಡೆಯನ್ನು ಮೇಲಿನಿಂದ ಕೆಳಗೆ ಕಡೆಯುತ್ತಾ ಬಂದು, ಸುಮಾರು 58 ಅಡಿಯ ಮೂರ್ತಿಯನ್ನು ಇದ್ದಲ್ಲೇ ಬಿಡಿಸಿದರು. ತೊಡೆಯಿಂದ ಮೇಲಕ್ಕೆ ಅದಕ್ಕೆ ಯಾವ ಆಸರೆಯೂ ಇಲ್ಲ. ಒಂದು ಏಟು ತಪ್ಪಿದ್ದರೆ ಸರಿಪಡಿಸಲು ಇನ್ನೊಂದು ಕಲ್ಲು ಇರಲಿಲ್ಲ. ಕಾಲ ಬಳಿಯ ಹುತ್ತ, ತೊಡೆ ತೋಳುಗಳನ್ನು ಬಳಸಿದ ಮಾಧವೀ ಬಳ್ಳಿ, ತುಟಿಯ ಮೇಲಿನ ಆ ಸಣ್ಣ ನಗೆ, ಎಲ್ಲವೂ ಒಂದೇ ಕಲ್ಲಿನಲ್ಲಿ ಮೂಡಿದವು. ಮುಖ ಉತ್ತರಕ್ಕೆ ತಿರುಗಿದೆ, ಅಂದರೆ ಆ ತಾಯಿ ಮಗ ತಂಗಿದ್ದ ಚಿಕ್ಕಬೆಟ್ಟದ ಕಡೆಗೇ. 978ರಲ್ಲಿ ಚಾವುಂಡರಾಯನು ಬರೆದು ಮುಗಿಸಿದ ಪುರಾಣದಲ್ಲಿ ಮೂರ್ತಿಯ ಪ್ರಸ್ತಾಪವಿಲ್ಲ. ಆದ್ದರಿಂದ ಪ್ರತಿಷ್ಠೆ ಅದರ ನಂತರ ನಡೆಯಿತೆಂದು ವಿದ್ವಾಂಸರು ಹೇಳುತ್ತಾರೆ. ಸಾಮಾನ್ಯವಾಗಿ ಒಪ್ಪಿರುವ ವರ್ಷ 981. ಒಂದೆರಡು ವರ್ಷ ಆಚೀಚೆ ಹೇಳುವವರೂ ಇದ್ದಾರೆ.

ಮೂರ್ತಿಗೆ ಗೊಮ್ಮಟನೆಂಬ ಹೆಸರು ಬಂದದ್ದಕ್ಕೂ ಚಾವುಂಡರಾಯನಿಗೂ ಸಂಬಂಧವಿದೆ ಎನ್ನುತ್ತಾರೆ. ಗೊಮ್ಮಟ ಎಂಬುದು ಅವನ ಮನೆಯ ಹೆಸರಾಗಿತ್ತು, ಆ ಗೊಮ್ಮಟನ ಈಶ್ವರನೇ ಗೊಮ್ಮಟೇಶ್ವರ ಎಂದು ಎ. ಎನ್. ಉಪಾಧ್ಯೆ ಅವರು ವಾದಿಸಿದರು. ಮನ್ಮಥ ಎಂಬ ಮಾತೇ ಪ್ರಾಕೃತದಲ್ಲಿ ಸವೆದು ಗೊಮ್ಮಟವಾಯಿತು ಎಂದು ಮಂಜೇಶ್ವರದ ಗೋವಿಂದ ಪೈಗಳ ವಾದ. ನೇಮಿಚಂದ್ರರು ಅವನಿಗಾಗಿ ಪ್ರಾಕೃತದಲ್ಲಿ ರಚಿಸಿದ ಸಿದ್ಧಾಂತ ಗ್ರಂಥದ ಹೆಸರು ಗೊಮ್ಮಟಸಾರ ಎಂಬುದಂತೂ ನಿಜ.

ಪ್ರತಿಷ್ಠೆಯ ದಿನದ ಕಥೆ ನಮ್ಮ ಅಜ್ಜಿಯರೆಲ್ಲ ಹೇಳುತ್ತಿದ್ದದ್ದೇ. ಮಂತ್ರಿ ಕೊಡಗಟ್ಟಲೆ ಹಾಲು ತರಿಸಿ ಅಭಿಷೇಕ ಮಾಡಿಸಿದ. ಎಷ್ಟು ಸುರಿದರೂ ಹಾಲು ಮೂರ್ತಿಯ ನಡುವಿನಿಂದ ಕೆಳಗೆ ಇಳಿಯಲಿಲ್ಲ. ಆಗ ಒಬ್ಬ ಬಡ ಮುದುಕಿ ಗುಳ್ಳೆಕಾಯಿಯ ಓಡಿನಲ್ಲಿ ಒಂದಿಷ್ಟು ಹಾಲು ತಂದು, ತಾನೂ ಹಾಕಬಹುದೇ ಎಂದು ಕೇಳಿದಳು. ಜನ ನಕ್ಕರು. ಅಷ್ಟು ಹಾಲು ಮೂರ್ತಿಯ ನೆತ್ತಿಯಿಂದ ಪಾದದವರೆಗೆ ತೊಯ್ದು, ಬೆಟ್ಟದಿಂದ ಇಳಿದು ಕೊಳಕ್ಕೂ ಹರಿಯಿತಂತೆ. ಮಾಡಿಸಿದವನು ನಾನು ಎಂಬ ಬಿಗುಮಾನ ಚಾವುಂಡರಾಯನಿಗೆ ಇಳಿದುಹೋಯಿತು. ಕನಸಿನಲ್ಲಿ ಬಂದಿದ್ದ ಯಕ್ಷಿಯೇ ಮುದುಕಿಯಾಗಿ ಬಂದಳು ಎಂಬುದು ನಂಬಿಕೆ. ಗೊಮ್ಮಟನಿಗೆ ಎದುರಾಗಿ ಸುತ್ತಾಲಯದ ಹೊರಗೆ ಆ ಗುಳ್ಳೆಕಾಯಜ್ಜಿ ಕೈಯಲ್ಲಿ ಗುಳ್ಳೆಕಾಯಿ ಹಿಡಿದು ಇಂದಿಗೂ ನಿಂತಿದ್ದಾಳೆ. ಹಾಲು ಬಿಟ್ಟ ಒಬ್ಬ ತಾಯಿಯಿಂದ ಮೊದಲಾದ ಕಥೆ, ಹಾಲು ತಂದ ಇನ್ನೊಬ್ಬ ತಾಯಿಯಿಂದ ಮುಗಿಯುತ್ತದೆ.

ಚಾವುಂಡರಾಯನಿಗೆ ಕತ್ತಿಯಷ್ಟೇ ಕಂಠಪತ್ರವೂ ಒಲಿದಿತ್ತು. ಅರವತ್ತಮೂರು ಮಂದಿ ಮಹಾಪುರುಷರ ಚರಿತೆಯನ್ನು ಹೇಳುವ ಅವನ ಪುರಾಣ ಕನ್ನಡದ ಅತ್ಯಂತ ಹಳೆಯ ಗದ್ಯ ಕೃತಿಗಳಲ್ಲಿ ಒಂದು. ಪಂಪನ ಹಾಗೆ ಚಂಪುವಿನಲ್ಲಿ ಮೆರೆಯಬೇಕೆಂಬ ಆಸೆ ಅವನಿಗಿರಲಿಲ್ಲ. ಕೇಳುವವರಿಗೆ ತಿಳಿಯುವ ಹಾಗೆ ಕಥೆ ಹೇಳಿದ. ಮುಧೋಳದಿಂದ ಓದಲು ಬಂದ ಬಡ ಹುಡುಗ ರನ್ನನಿಗೆ ಆಸರೆಯಾದವರಲ್ಲಿ ಇವನೂ ಒಬ್ಬ. ರನ್ನ ಮುಂದೆ ತನ್ನ ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು ಆಶ್ರಯದಾತರ ಋಣ ತೀರಿಸಿದ. ದಾನಚಿಂತಾಮಣಿ ಅತ್ತಿಮಬ್ಬೆ ಬೆಳ್ಗೊಳದ ಬೆಟ್ಟ ಹತ್ತಿ ಬಂದು ಈ ಮೂರ್ತಿಯ ದರ್ಶನ ಮಾಡಿದ್ದನ್ನು ಅದೇ ರನ್ನ 993ರ ತನ್ನ ಅಜಿತಪುರಾಣದಲ್ಲಿ ಹೇಳಿದ್ದಾನೆ. ಯಾತ್ರೆ ಮುರಿದ ಜಾಗ ಹತ್ತು ಹನ್ನೆರಡು ವರ್ಷಗಳಲ್ಲಿ ತಾನೇ ಒಂದು ಯಾತ್ರಾಸ್ಥಳವಾಗಿತ್ತು.

ದೊಡ್ಡಬೆಟ್ಟದ ಮೇಲೆ ತ್ಯಾಗದ ಕಂಬ ಎಂದು ಒಂದು ಚೆಲುವಾದ ಕಂಬವಿದೆ. ಶಿಲ್ಪಿಗಳಿಗೂ ಬಡವರಿಗೂ ಚಾವುಂಡರಾಯ ಅಲ್ಲಿ ನಿಂತು ದಾನ ಕೊಟ್ಟನೆಂದು ಹೇಳುತ್ತಾರೆ. ಅದರ ನಾಲ್ಕು ಮುಖಗಳಲ್ಲಿ ಅವನ ಯುದ್ಧಗಳ ಚರಿತ್ರೆಯನ್ನು ಕೆತ್ತಲಾಗಿತ್ತು. ಸುಮಾರು ಇನ್ನೂರು ವರ್ಷಗಳ ನಂತರ ಹೆಗ್ಗಡೆ ಕಣ್ಣ ಎಂಬವನು ತನ್ನ ಸಣ್ಣ ಶಾಸನವೊಂದನ್ನು ಬರೆಸಲು ಅದರ ಮೂರು ಮುಖಗಳನ್ನು ಕೆರೆದು ಹಾಕಿಸಿಬಿಟ್ಟ. ಕಾಳಗಗಳ ಕಥೆ ಹೀಗೆ ಕಲ್ಲಿನಿಂದಲೂ ಅಳಿಸಿಹೋಯಿತು. ತಾಯಿಗಾಗಿ ಮಾಡಿಸಿದ್ದು ಮಾತ್ರ ಮಳೆ ಬಿಸಿಲಿಗೆ ಅಂಜದೆ ನಿಂತಿದೆ. 1432ರಲ್ಲಿ ಕಾರ್ಕಳದಲ್ಲಿ, 1604ರಲ್ಲಿ ವೇಣೂರಿನಲ್ಲಿ, ನಮ್ಮ ಕಾಲದಲ್ಲಿ ಧರ್ಮಸ್ಥಳದಲ್ಲಿ ಗೊಮ್ಮಟಗಳು ಎದ್ದದ್ದು ಇದನ್ನೇ ನೋಡಿ. ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 1981ರಲ್ಲಿ ಸಾವಿರ ವರ್ಷದ ಸಂಭ್ರಮವಾಗಿ ನಡೆಯಿತು. ಆಮೇಲೆ 1993, 2006 ಮತ್ತು 2018ರಲ್ಲಿ ನಡೆದಿದೆ.

ಗೊಮ್ಮಟನ ಕಾಲ ಬಳಿ ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿ ಚಿಕ್ಕ ಚಿಕ್ಕ ಬರಹಗಳಿವೆ. ಚಾವುಂಡರಾಯ ಇದನ್ನು ಮಾಡಿಸಿದ ಎಂದು ಅವು ಹೇಳುತ್ತವೆ. ಯಾವ ಕಡೆಯಿಂದ ಬಂದವರಿಗೂ ತಿಳಿಯಲಿ ಎಂದು ಮೂರು ಭಾಷೆ ಇರಬಹುದು. ತಾಯಿಯ ಹೆಸರು ಅಲ್ಲಿಲ್ಲ. ಆಕೆ ಉಳಿದಿರುವುದು ಜನರ ಬಾಯಲ್ಲಿ, ಈಚಿನ ಕಾವ್ಯಗಳಲ್ಲಿ. ಚಿಕ್ಕಬೆಟ್ಟದ ಮೇಲೆ ಚಾವುಂಡರಾಯನ ಹೆಸರಿನ ಬಸದಿಯಿದೆ. ಅವನ ಮಗ ಜಿನದೇವಣನೂ ಬೆಳ್ಗೊಳದಲ್ಲಿ ಬಸದಿ ಮಾಡಿಸಿದ. ತಾಯಿ ಹೇಳಿದ ಒಂದು ಮಾತು ಮೊಮ್ಮಗನವರೆಗೂ ಕೆಲಸ ಮಾಡಿತು ಎನ್ನಬೇಕು.

ನಮ್ಮ ಫ್ಲ್ಯಾಟ್ ಬುಷ್‌ನ ಸ್ಟ್ಯಾನ್‌ಕೋಂಬ್ ರಸ್ತೆಯಲ್ಲಿ ಫೋ ಗುವಾಂಗ್ ಶಾನ್ ಬೌದ್ಧ ಮಂದಿರವಿದೆ. ಊರಿನಿಂದ ಬಂದ ತಾಯಂದಿರನ್ನು ನಾವು ಅಲ್ಲಿಗೆ ಕರೆದುಕೊಂಡು ಹೋಗುವುದುಂಟು. ಆ ಅಂಗಳದಲ್ಲಿ ಚಪ್ಪಲಿ ಬಿಟ್ಟು ಕೈಮುಗಿಯುವಾಗ ಅವರು ಇದು ಯಾವ ದೇವರು ಎಂದು ಹೆಚ್ಚು ವಿಚಾರಿಸುವುದಿಲ್ಲ. ತೈವಾನಿನಿಂದ ಬಂದ ಒಂದು ಸಂಪ್ರದಾಯದವರು ಇಲ್ಲೇ ಕಟ್ಟಿಕೊಂಡ ಮಂದಿರ ಅದು. ನಾವೂ ಬಾಡಿಗೆಯ ಸಭಾಂಗಣಗಳಲ್ಲಿ ಗಣೇಶನನ್ನು ಕೂರಿಸಿ, ರಾಜ್ಯೋತ್ಸವ ಮಾಡಿ, ಮಕ್ಕಳಿಗೆ ಅಆಇಈ ಕಲಿಸಿ, ಹೋಗಲಾಗದ ಊರನ್ನು ಇದ್ದಲ್ಲೇ ಒಂದಿಷ್ಟು ಕಟ್ಟಿಕೊಳ್ಳಲು ನೋಡುತ್ತಿದ್ದೇವೆ. ಗೊಮ್ಮಟನ ಎದುರಿಗೆ ಇದು ಗುಳ್ಳೆಕಾಯಿಯಷ್ಟು ಹಾಲು, ಅಷ್ಟೆ. ಗುಳ್ಳೆಕಾಯಿಯ ಹಾಲಿಗೂ ಬೆಲೆಯಿದೆ ಎಂದು ಆ ಅಜ್ಜಿ ತೋರಿಸಿಕೊಟ್ಟಿದ್ದಾಳೆ.

ಆದರೆ ಇದನ್ನೇ ನೆಪ ಮಾಡಿಕೊಂಡು ಊರಿನ ದಾರಿ ಮರೆಯಬಾರದು. ಚಾವುಂಡರಾಯ ಮೊದಲು ಹೊರಟ, ತಡೆ ಬಂದದ್ದು ಆಮೇಲೆ. ಮನೆಯಲ್ಲೇ ಕುಳಿತವನಿಗೆ ಬೆಳ್ಗೊಳ ಸಿಗುತ್ತಿರಲಿಲ್ಲ. ನಮ್ಮ ತಾಯಂದಿರ ವ್ರತಗಳನ್ನು ಯಾವ ಕವಿಯೂ ಬರೆಯುವುದಿಲ್ಲ. ಅವರು ಏನು ಬಿಟ್ಟಿದ್ದಾರೆ, ಯಾಕೆ ಬಿಟ್ಟಿದ್ದಾರೆ ಎಂದು ಕೇಳುವವರು ನಾವೇ. ಮುಂದಿನ ಭಾನುವಾರ ಊರಿಗೆ ಫೋನು ಮಾಡಿದಾಗ ಹರಕೆಯ ಮಾತು ಬಂದರೆ, ಆಗಲಮ್ಮ ಎಂದು ಅಲ್ಲಿಗೇ ಬಿಡಬೇಡಿ. ಯಾವ ಹರಕೆ, ಯಾವಾಗ ಹೊತ್ತದ್ದು, ಯಾರಿಗಾಗಿ ಎಂದು ಕೇಳಿ. ಬಹುಶಃ ಅದು ನಿಮಗಾಗಿಯೇ ಹೊತ್ತದ್ದಿರುತ್ತದೆ.